ಜಾರ್ಜ್‌ನ ಪೆಂಡಿಂಗ್ ಅಂಕಗಳು

ಜಾರ್ಜ್ ತೀರಿಕೊಂಡು ಆರು ತಿಂಗಳಾಗುತ್ತ ಬಂದಾಗ ಅವನ ಫೋನಿಗೆ ಒಂದು ಸಂದೇಶ ಬಂತು. “ಪ್ರಿಯ ಜಾರ್ಜ್, ನಿಮ್ಮನ್ನು ಕಾಣದೆ ಬಹಳ ದಿನವಾಯಿತು.”

ಅವನ ಹೆಂಡತಿ ಅಪೊಲೋನಿಯಾಳದ್ದೂ ಅದೇ ದೂರು. ಅವಳು ಮುಂದೆ ಓದಿದಳು. “ನಿಮ್ಮ 4,720 ಅಂಕಗಳು ಸೆಪ್ಟೆಂಬರ್ ಎಂಟಕ್ಕೆ ರದ್ದಾಗುತ್ತವೆ.”

ಸೆಪ್ಟೆಂಬರ್ ಎಂಟು ಅಂದರೆ ಮೊಂತಿ ಹಬ್ಬ, ಹೊಸ ತೆನೆ ಮನೆಗೆ ಬರುವ ದಿನ. ಅದಕ್ಕೆ ಏಳು ದಿನ ಉಳಿದಿತ್ತು.

ಅಪೊಲೋನಿಯಾ ಹುಟ್ಟಿದ್ದು ಬಜಪೆಯಲ್ಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಳು. ಈಗ ಶಾಲೆಯಲ್ಲೇ ಆಯಾ. ಚಿಕ್ಕ ಮಕ್ಕಳ ಮೂಗು ಒರೆಸುವುದು, ಟಿಫಿನ್ ಡಬ್ಬಿ ತೆರೆದು ಕೊಡುವುದು. ಜಾರ್ಜ್ ಪಣಂಬೂರು ಬಂದರಿನಲ್ಲಿ ಮೂವತ್ತೊಂದು ವರ್ಷ ಸರಕು ಇಳಿಸಿದ. ನಿವೃತ್ತನಾದ ಮೇಲೆ ಶಕ್ತಿನಗರದ ಮನೆಯ ಜಗಲಿಯಲ್ಲಿ ಕೂತು ಫೋನಿನ ಒಂದು ಸಮೀಕ್ಷೆ ಆ್ಯಪ್‌ನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ. ಯಾವ ಪೇಸ್ಟ್, ಯಾವ ಸೋಪು, ಯಾವ ಬಿಸ್ಕತ್ತು. ಒಂದು ಸಮೀಕ್ಷೆಗೆ ಇಪ್ಪತ್ತು ಅಂಕ, ಮೂವತ್ತು ಅಂಕ. ಅಂಕ ಸಾಕಷ್ಟು ಕೂಡಿದರೆ ಅದರಲ್ಲಿ ಸಾಮಾನು ತರಿಸಬಹುದು.

“ಇದು ಕೆಲಸವಾ?” ಎಂದು ಅವಳು ಕೇಳಿದರೆ, “ನಿನ್ನ ಮಿಕ್ಸಿಯ ಕಷ್ಟ ಮುಗಿಸ್ತೇನೆ, ನೋಡು” ಎನ್ನುತ್ತಿದ್ದ.

ಮಿಕ್ಸಿಯ ಕಷ್ಟ ಏನೆಂದರೆ, ಅದರ ಜಾರು ಕುಣಿಯುತ್ತಿತ್ತು. ಒಬ್ಬರು ಸ್ವಿಚ್ ತಿರುಗಿಸಬೇಕು, ಇನ್ನೊಬ್ಬರು ಮುಚ್ಚಳ ಒತ್ತಿ ಹಿಡಿಯಬೇಕು. ಒಂಬತ್ತು ವರ್ಷ ಮುಚ್ಚಳ ಹಿಡಿದವನು ಜಾರ್ಜ್. ಮಾರ್ಚ್ ಹನ್ನೆರಡರಂದು ಬೆಳಿಗ್ಗೆ ಮೀನಿನ ಮಸಾಲೆಗೆ ಮುಚ್ಚಳ ಹಿಡಿದ, ಒಂದು ಸಮೀಕ್ಷೆ ಮುಗಿಸಿದ, ಮೀನು ತರಲು ಹೋದ. ಮೀನು ಬರಲಿಲ್ಲ. ಅವನೂ ಬರಲಿಲ್ಲ. ಹೃದಯ, ಎಂದರು ಡಾಕ್ಟರು.

ಅಂಕಗಳಿರುವುದು ಅವಳಿಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಅವಳು ಮುಟ್ಟಲಿಲ್ಲ. ಇಪ್ಪತ್ತು ವರ್ಷದಿಂದ ಅವಳು ಪಿಗ್ಮಿ ಕಟ್ಟುತ್ತಾಳೆ. ದಿನಕ್ಕೆ ಐವತ್ತು ರೂಪಾಯಿ, ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಕಟ್ಟಿದ್ದು ಸೊಸೈಟಿಯಲ್ಲಿ ಇರುತ್ತದೆ. ಕಟ್ಟುವವರು ಸತ್ತರೂ ಇರುತ್ತದೆ. ಇದೂ ಹಾಗೆಯೇ ಎಂದುಕೊಂಡು ಫೋನನ್ನು ಕಪಾಟಿನಲ್ಲಿ ಅವನ ಶರ್ಟುಗಳ ಮೇಲೆ ಇಟ್ಟಿದ್ದಳು. ತಿಂಗಳಿಗೊಮ್ಮೆ ರೀಚಾರ್ಜ್ ಮಾತ್ರ ತಪ್ಪಿಸಲಿಲ್ಲ.

ಸಂಜೆ ಪಿಗ್ಮಿಯ ವಿನೋದಾ ಬಂದಾಗ ಫೋನು ತೋರಿಸಿದಳು. ವಿನೋದಾ ಚಪ್ಪಲಿ ಬಿಟ್ಟು, ಕೊಡೆ ಮೂಲೆಗೆ ಇಟ್ಟು, ಕನ್ನಡಕ ಹಾಕಿದಳು.

“ಎಂತ ಬಾಯಮ್ಮ, ಆರು ತಿಂಗಳು ಇದನ್ನು ಮಲಗಿಸಿ ಇಟ್ಟದ್ದಾ? ನೂರೆಂಬತ್ತು ದಿನ ಅಂಕ ಬರದಿದ್ರೆ, ತೆಗೆಯದಿದ್ರೆ, ಖಾತೆ ಇನ್‌ಆಕ್ಟಿವ್. ಎಲ್ಲ ಹೋಯ್ತು.”

“ಎಲ್ಲಿಗೆ ಹೋಗ್ತದೆ?”

“ಅವರಿಗೆ.”

“ಕೊಟ್ಟವರೇ ವಾಪಸ್ ತೆಗೊಳ್ಳುವುದಾ?”

“ಹೌದು. ಷರತ್ತಿನಲ್ಲಿ ಬರೆದುಂಟು. ಯಾರೂ ಓದುವುದಿಲ್ಲ.”

“ಹಾಗಾದ್ರೆ ಈಗಲೇ ತೆಗಿ.”

“ಆಗುವುದಿಲ್ಲ. ಮಿನಿಮಮ್ ಪೇಔಟ್ ಐದು ಸಾವಿರ. ಅಷ್ಟು ತುಂಬದೆ ಒಂದು ಅಂಕವೂ ಇಳಿಯುವುದಿಲ್ಲ.”

“ಪಿಗ್ಮಿ ಮಧ್ಯದಲ್ಲಿ ಮುರಿದರೆ ಸ್ವಲ್ಪ ಹಿಡಿದುಕೊಂಡು ಕೊಡ್ತೀರಲ್ಲ ನೀವು.”

“ನಮಗೆ ಮುಖ ಉಂಟು. ಕೊಡದಿದ್ರೆ ನೀವು ನನ್ನ ಮನೆಗೆ ಬಂದು ಬೈತೀರಿ. ಇವರ ಮನೆ ಎಲ್ಲಿ ಅಂತ ಹುಡುಕ್ತೀರಿ?”

ವಿನೋದಾ ಬೆರಳಿನಿಂದ ತಳ್ಳುತ್ತ ಕೆಳಗೆ ಹೋದಳು. “ಇಲ್ಲಿ ನೋಡಿ. ಮುನ್ನೂರು ಅಂಕ ಪೆಂಡಿಂಗ್ ಉಂಟು. ಪೆಂಡಿಂಗ್ ಅಂದ್ರೆ ಪುಸ್ತಕದಲ್ಲಿ ಬರೆದಾಯ್ತು, ಕೌಂಟರಿನಲ್ಲಿ ಸೀಲು ಬೀಳಲಿಲ್ಲ. ಇದು ಬಂದ್ರೆ ಐದು ಸಾವಿರದ ಇಪ್ಪತ್ತು.”

“ಎಂತಕ್ಕೆ ನಿಂತದ್ದು?”

“ರೆಫರಲ್. ಬೇರೆಯವರನ್ನು ಸೇರಿಸಿದ್ದಕ್ಕೆ ಕಮಿಷನ್. ಸೇರಿದವರು ಒಂದು ಸಮೀಕ್ಷೆಯಾದ್ರೂ ಪೂರ್ತಿ ಮಾಡ್ಬೇಕು. ಮಾಡಲಿಲ್ಲ. ಯಾರಪ್ಪ ಈ ಸೋಂಬೇರಿ...” ವಿನೋದಾ ಹೆಸರು ಓದಿದಳು. ಕನ್ನಡಕ ತೆಗೆದಳು. “ನೀವೇ.”

ಮಾರ್ಚ್ ಒಂಬತ್ತರಂದು ಜಾರ್ಜ್ ಅವಳ ಫೋನಿನಲ್ಲಿ ಅವಳನ್ನು ಸೇರಿಸಿದ್ದ. ಹೇಳಿರಲಿಲ್ಲ. ಹೇಳಿದ್ದರೆ ಅವಳು ಬೈಯುತ್ತಿದ್ದಳು.

“ಇಷ್ಟು ತಲೆಬಿಸಿ ಎಂತಕ್ಕೆ?” ಎಂದಳು ವಿನೋದಾ. “ಅವರ ಫೋನಿನಲ್ಲಿ ಅವರ ಹೆಸರಲ್ಲೇ ಹತ್ತು ಹನ್ನೆರಡು ಸಮೀಕ್ಷೆ ಮಾಡಿಬಿಡಿ. ಗಡುವೂ ಮುಂದೆ ಹೋಗ್ತದೆ, ಅಂಕವೂ ತುಂಬ್ತದೆ.”

ಅಪೊಲೋನಿಯಾ ಒಂದನ್ನು ತೆರೆದಳು. ಕಳೆದ ವಾರ ನೀವು ಎಷ್ಟು ಸಲ ಗಡ್ಡ ಮಾಡಿಕೊಂಡಿರಿ ಎಂಬುದು ಮೊದಲ ಪ್ರಶ್ನೆ. ಅವಳು ಮುಚ್ಚಿದಳು.

“ಅವರ ಉತ್ತರ ನಾನು ಕೊಡುವುದಿಲ್ಲ. ನನ್ನದು ಕೊಡ್ತೇನೆ.”

ಮರುದಿನದಿಂದ ಅವಳು ತನ್ನ ಫೋನು ಹಿಡಿದು ಕೂತಳು. ನಿಮಗೆ ಕಾರು ಇದೆಯೇ? ಇಲ್ಲ. ಕ್ಷಮಿಸಿ, ನೀವು ಅರ್ಹರಲ್ಲ. ಎರಡು ವರ್ಷದೊಳಗಿನ ಮಗು ಇದೆಯೇ? ಇಲ್ಲ. ಕ್ಷಮಿಸಿ. ವಿದೇಶ ಪ್ರವಾಸಕ್ಕೆ ಹೋಗುವಿರೇ? ಇಲ್ಲ. ಒಂದು ಕಡೆ ಹತ್ತು ನಿಮಿಷ ಪ್ರಶ್ನೆ ಕೇಳಿ ಕೊನೆಗೆ ಕ್ಷಮಿಸಿ ಎಂದರು.

“ಅದು ಸ್ಕ್ರೀನ್ ಔಟ್,” ಎಂದಳು ವಿನೋದಾ. “ಅನ್ನ ಬಡಿಸಿ, ಸಾರು ಬರುವ ಮೊದಲು ಎಲೆಯಿಂದ ಎಬ್ಬಿಸುವುದು. ಕಾರು ಉಂಟು ಅಂತ ಹೇಳಿ ಮಾರಾಯ್ರೆ. ಯಾರು ನೋಡ್ಲಿಕ್ಕೆ ಬರ್ತಾರೆ?”

“ನಾನು ನಲವತ್ತು ಕೊಟ್ಟರೆ ನೀನು ಐವತ್ತು ಅಂತ ಬರೀತೀಯಾ?”

ವಿನೋದಾ ಐವತ್ತರ ಚೀಟಿ ಹರಿದು ಕೊಟ್ಟು, ಕೊಡೆ ತೆಗೆದುಕೊಂಡು ಹೋದಳು.

ಐದು ದಿನದಲ್ಲಿ ಹನ್ನೊಂದು ಸಲ ಅವಳನ್ನು ಎಲೆಯಿಂದ ಎಬ್ಬಿಸಿದರು. ಏಳನೇ ತಾರೀಕು ಸಂಜೆ ಅವಳು ಶಾಲೆಯಿಂದ ಬಂದು, ತನ್ನ ಬಗ್ಗೆ ಜಾರ್ಜ್ ಏನು ಬರೆದಿದ್ದಾನೆ ಎಂದು ತೆರೆದು ನೋಡಿದಳು. ಹೆಸರು ಸರಿ. ವಯಸ್ಸು ಎರಡು ವರ್ಷ ಕಡಿಮೆ ಹಾಕಿದ್ದ. ವಿವಾಹಿತೆ. ಮನೆಯಲ್ಲಿರುವ ಜನ: ಎರಡು.

ವಿನೋದಾ ಬಾಗಿಲಲ್ಲೇ ನಿಂತಿದ್ದಳು. “ಅದನ್ನು ಮುಟ್ಟಬೇಡಿ ಬಾಯಮ್ಮ. ಗಂಡ ಇದ್ದವರಿಗೆ ಹೆಚ್ಚು ಸಮೀಕ್ಷೆ ಬರ್ತದೆ.”

“ನನಗೆ ಬಂದದ್ದು ಕಾಣ್ತದಲ್ಲ.”

ಸುಳ್ಳು ಹೇಳುವುದಿಲ್ಲ ಎಂದು ಇಷ್ಟು ದಿನ ಬೀಗಿದವಳು ಅವಳೇ. ಹನ್ನೊಂದು ಸಲವೂ ಒಂದು ಸುಳ್ಳಿನ ಮೇಲೆ ಕೂತು ನಿಜ ಹೇಳಿದ್ದಳು. ಮೊದಲು ವಯಸ್ಸು ಸರಿ ಮಾಡಿದಳು, ಅದು ಸುಲಭ. ಆಮೇಲೆ ‘ವಿಧವೆ’ ಎಂಬಲ್ಲಿ ಒತ್ತಿದಳು. ಎರಡನ್ನು ತೆಗೆದು ಒಂದು ಹಾಕಿದಳು. ‘ಬದಲಾವಣೆ ಉಳಿಸಬೇಕೇ?’ ಎಂದು ಕೇಳಿತು. ಹೌದು ಎಂದು ಒತ್ತಿದಳು.

ಗಂಟೆಯೊಳಗೆ ಒಂದು ಸಮೀಕ್ಷೆ ಬಂತು. ಒಬ್ಬರೇ ಇರುವವರ ಅಡುಗೆಯ ಬಗ್ಗೆ. ಯಾರೋ ಒಬ್ಬರಿಗೆ ಸಾಲುವಷ್ಟು ಮಸಾಲೆಯ ಸಣ್ಣ ಪ್ಯಾಕೆಟ್ ಮಾಡಿದ್ದರು. ಯಾರೂ ಎಬ್ಬಿಸಲಿಲ್ಲ. ಕೊನೆಯ ಪ್ರಶ್ನೆ: ಒಬ್ಬರಿಗೆ ಅಡುಗೆ ಮಾಡುವಾಗ ನಿಮ್ಮ ಮುಖ್ಯ ತೊಂದರೆ ಏನು? ಸಮಯ, ಖರ್ಚು, ಉಳಿಯುವುದು, ಇತರೆ. ಅವಳು ಇತರೆ ಒತ್ತಿದಳು. ಹತ್ತು ಅಕ್ಷರಕ್ಕೆ ಕಡಿಮೆ ಬೇಡ ಎಂದಿತ್ತು. ಅವಳು ಒಂದೊಂದೇ ಅಕ್ಷರ ಹುಡುಕಿ ಬರೆದಳು. “ಕೈಗೆ ಇಬ್ಬರ ಅಳತೆ ಮಾತ್ರ ಗೊತ್ತುಂಟು.”

ಅಷ್ಟು ಸಾಕಾಯಿತು.

ಜಾರ್ಜ್‌ನ ಫೋನಿನಲ್ಲಿ ಪೆಂಡಿಂಗ್ ಹೋಗಿ 5,020 ಆಯಿತು. ಅಂಕ ತೆಗೆಯಲು ಒಟಿಪಿ ಕೇಳಿತು. ಅದು ಅವನ ನಂಬರಿಗೇ ಬಂತು.

“ಸತ್ತವರ ಸಿಮ್ಮಿಗೆ ರೀಚಾರ್ಜ್ ಎಂತಕ್ಕೆ ಅಂತ ಬೈದಿದ್ದೆ ನಾನು,” ಎಂದಳು ವಿನೋದಾ.

“ಬೈದಿದ್ದಿ.”

ಆಮೇಲೆ ಲೆಕ್ಕ ಹಾಕಿದರು. ಹತ್ತು ಅಂಕಕ್ಕೆ ಒಂದು ರೂಪಾಯಿ. ಎಲ್ಲ ಸೇರಿ ಐನೂರ ಎರಡು.

“ಐನೂರಕ್ಕೆ ಯಾವ ಮಿಕ್ಸಿ?” ಎಂದಳು ಅಪೊಲೋನಿಯಾ.

ಮಿಕ್ಸಿ ಅಲ್ಲ. ಜಾರ್ಜ್ ಬೇಕಾದದ್ದನ್ನು ಆ್ಯಪ್‌ನಲ್ಲಿ ಮೊದಲೇ ಆರಿಸಿ ಇಟ್ಟಿದ್ದ. ಅವರ ಮಿಕ್ಸಿಗೆ ಹೊಂದುವ ಒಂದು ಜಾರು, ಕೊಕ್ಕೆ ಹಾಕುವ ಮುಚ್ಚಳದ್ದು. ನಾನೂರ ತೊಂಬತ್ತೈದು ರೂಪಾಯಿ. ಅದನ್ನೇ ತರಿಸಲು ಒತ್ತಿದರು.

ಹಬ್ಬದ ದಿನ ಜಾರು ಬರಲಿಲ್ಲ. ಒಂದು ಕೈಯಲ್ಲಿ ಸ್ವಿಚ್, ಇನ್ನೊಂದು ಕೈಯಲ್ಲಿ ಮುಚ್ಚಳ ಹಿಡಿದು ತೆಂಗಿನಕಾಯಿ ರುಬ್ಬಿ, ಇಗರ್ಜಿಯಿಂದ ತಂದ ತೆನೆಯ ಹೊಸ ಕಾಳುಗಳನ್ನು ಸುಲಿದು ಕಾಯಿಹಾಲಿಗೆ ಹಾಕಿದಳು. ಹಬ್ಬದ ಊಟಕ್ಕೆ ವರ್ಷವೂ ಏಳು ಬಗೆ ತರಕಾರಿ. ಈ ಸಲ ಮೂರು.

ಹದಿಮೂರಕ್ಕೆ ಜಾರು ಬಂತು. ವಿನೋದಾ ಬರುವಾಗ ಅವಳು ಅದನ್ನು ಕೂರಿಸಿ, ಕೊಕ್ಕೆ ಹಾಕಿ, ಸ್ವಿಚ್ ತಿರುಗಿಸುತ್ತಿದ್ದಳು. ಜಾರು ಕುಣಿಯಲಿಲ್ಲ. ಅವಳ ಎಡಗೈ ಅಭ್ಯಾಸದಿಂದ ಮುಚ್ಚಳದ ಮೇಲೆ ಹೋಯಿತು. ಹಿಡಿಯಬೇಕಾದದ್ದು ಏನೂ ಇರಲಿಲ್ಲ. ಕೈಯನ್ನು ತೆಗೆದು ಸೆರಗಿಗೆ ಒರೆಸಿಕೊಂಡಳು.

“ಶಬ್ದ ಕಡಿಮೆ ಆಯ್ತಲ್ಲ ಬಾಯಮ್ಮ,” ಎಂದಳು ವಿನೋದಾ.

“ತುಂಬಾ ಕಡಿಮೆ ಆಯ್ತು,” ಎಂದು ಅಪೊಲೋನಿಯಾ ಐವತ್ತು ರೂಪಾಯಿ ತರಲು ಒಳಗೆ ಹೋದಳು.