ಬೆಟ್ಟದ ಮೇಲೆ ಗೆದ್ದ ವಾದ

ಪಕ್ಕದ ಮನೆಯವರು ಬೆಳಗ್ಗೆ ತಮ್ಮ ಹಳೆಯ ಗಾಡಿ ಸ್ಟಾರ್ಟ್ ಮಾಡಿದರೆ, ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನ ನನ್ನ ರೂಮಿಗೆ ಅರೆಬರೆ ಉರಿದ ಡೀಸೆಲ್ ವಾಸನೆ ನುಗ್ಗುತ್ತದೆ. ಕಿಟಕಿ ಮುಚ್ಚಬಹುದು, ಮುಚ್ಚುವುದಿಲ್ಲ. ನಾನು ಅತ್ಯಂತ ಸಲೀಸಾಗಿ ಗೆದ್ದ ವಾದದ ವಾಸನೆ ಅದು.

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನನ್ನಂಥವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿನವರು ಸುಮ್ಮನಾದರೆ ಸಾಕು, ತಾವೇ ಸರಿ ಎಂದುಕೊಳ್ಳುತ್ತಾರೆ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಂಕಲ್ ಬೇಗ ಸುಮ್ಮನಾಗುವ ಜಾತಿ. ಮಲ್ಪೆಯಲ್ಲಿ ಮೀನಿನ ಬೋಟುಗಳ ಎಂಜಿನ್ ರಿಪೇರಿ ಮಾಡಿ ಬಂದವರು. ಅವರೂ ಆಂಟಿಯೂ ಮೆಲ್ಬರ್ನ್‌ನಲ್ಲಿ ಮನೆ ಕೊಂಡು ಹೊರಟಾಗ ನನಗೂ ಅಲ್ಲೇ ಕೆಲಸ ಸಿಕ್ಕಿತ್ತು. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಆಂಟಿಯ ಮಲ್ಲಿಗೆ ಗಿಡ ಮಾತ್ರ ನಮ್ಮ ಜೊತೆ ಅಂಕಲ್‌ರ ಕ್ಯಾಂಪರ್‌ವ್ಯಾನಿನಲ್ಲಿ. ಒಂದು ಕಡ್ಡಿಯಿಂದ ಆರು ವರ್ಷ ಸಾಕಿದ ಗಿಡ; ಆಂಟಿ ಲಾರಿಯವರನ್ನು ನಂಬಲಿಲ್ಲ. ನನ್ನನ್ನು ನಂಬಿದರು, ಪಾಪ.

ಹೆದ್ದಾರಿ ಬೋರು, ಹಿಮ ನೋಡುತ್ತ ಬೆಟ್ಟದ ಮೇಲಿಂದ ಹೋಗೋಣ ಎಂದು ವಾದಿಸಿ ಗೆದ್ದವನೂ ನಾನೇ.

ಸಂಜೆ ಬೆಟ್ಟದ ಕ್ಯಾಂಪಿನಲ್ಲಿ ವ್ಯಾನಿನ ಡೀಸೆಲ್ ಹೀಟರ್ ಹಚ್ಚುವ ಮೊದಲು ಅಂಕಲ್ ಕನ್ನಡಕ ಏರಿಸಿ ಅದರ ಪುಸ್ತಕ ಬಿಡಿಸಿದರು.

"ಇಲ್ಲಿ ಗಾಳಿ ತೆಳು ಮಾರಾಯ, ಡೀಸೆಲ್ ಪೂರ್ತಿ ಉರಿಯುದಿಲ್ಲ. ಪಂಪು ಸ್ವಲ್ಪ ಕಮ್ಮಿ ಮಾಡ್ಬೇಕಂತೆ. ಇಲ್ಲದಿದ್ರೆ ಒಳಗೆ ಮಸಿ ಕಟ್ತದೆ."

"ಅಂಕಲ್, ಚಳಿ ಜಾಸ್ತಿ, ಸೋ ಶಾಖ ಜಾಸ್ತಿ ಬೇಕು, ಸೋ ಡೀಸೆಲ್ ಜಾಸ್ತಿ ಬೇಕು. ಸಿಂಪಲ್ ಲಾಜಿಕ್! ಬೇಜಾರ್ ಮಾಡ್ಕೋಬೇಡಿ, ನಿಮ್ಮ ಎಕ್ಸ್‌ಪೀರಿಯನ್ಸ್ ಎಲ್ಲ ಸಮುದ್ರದ್ದು."

"ಪುಸ್ತಕ ಬರೆದವ ಎಂತ, ಮೀನು ಹಿಡಿಯುವವನಾ?"

"ಬರೆದಿದ್ದೆಲ್ಲ ನಿಜಾನಾ? ಎವಿಡೆನ್ಸ್ ಕೊಡಿ."

ಅಂಕಲ್ ಪುಸ್ತಕ ಮಡಚಿದರು. "ಆಯ್ತು, ನೀನೇ ಗೆದ್ದೆ. ನಂಗೆ ನಿದ್ದೆ ಬರ್ತಾ ಉಂಟು."

ಪಂಪನ್ನು ಹೆಚ್ಚಿಸಿ ಮಲಗಿದೆ. ತೀರ್ಪುಗಾರರಿಲ್ಲ ಎಂಬುದೊಂದೇ ಕೊರತೆ. ತೀರ್ಪು ಬೆಳಗ್ಗೆ ಬಂತು. ಹೀಟರ್ ಸತ್ತಿತ್ತು. ಹೊರಗೆ ಹೊಗೆ ಕೊಳವೆಯ ಬಳಿ ವ್ಯಾನು ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗಿತ್ತು. ಕಿಟಕಿಯ ಒಳಗಾಜಿನ ಮೇಲೂ ಮಂಜುಗಡ್ಡೆ. ಅದರ ಕೆಳಗೆ ಮಲ್ಲಿಗೆಯ ಎಲೆಗಳು ಬೆಂದ ಬಸಳೆಯಂತೆ ಜೋತುಬಿದ್ದಿದ್ದವು.

ಆಂಟಿ ಒಂದು ಎಲೆ ಮುಟ್ಟಿ ನೋಡಿದರು. "ನಿನ್ನ ಲಾಜಿಕ್ ಇದಕ್ಕೆ ಕೇಳಿಸ್ಲಿಲ್ಲ ಕಾಣ್ತದೆ."

ಹೀಟರ್ ಓಡಿಸುವ ಬ್ಯಾಟರಿ ಹಳೆಯದು, ಗಿಡ ಮೊದಲೇ ಸೊರಗಿತ್ತು ಎಂದು ಎರಡು ಸಮರ್ಥನೆಗಳು ನಾಲಿಗೆ ತುದಿಗೆ ಬಂದಿದ್ದವು. ಅಷ್ಟರಲ್ಲಿ ಅಂಕಲ್ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ಹೀಟರ್ ಬಿಚ್ಚಿ ಕೆರೆದೆ. ಕೇಳಿದ ಎವಿಡೆನ್ಸ್ ಉಗುರಿನೊಳಗೆಲ್ಲ ತುಂಬಿಕೊಂಡಿತು. ಅಂಕಲ್ ಪಂಪು ತಗ್ಗಿಸಿ ಹಚ್ಚಿದರು, ಹೊಗೆಯಿಲ್ಲದೆ ಹತ್ತಿಕೊಂಡಿತು. "ಯಾವಾಗ್ಲೂ ಸಣ್ಣ ಉರಿಯಲ್ಲೇ ಇಟ್ರೂ ಮಸಿಯೇ. ನಡುವೆ ಸ್ವಲ್ಪ ಹೊತ್ತು ಫುಲ್ ಓಡಿಸ್ಬೇಕು" ಎಂದರು, ಅಷ್ಟೇ. 'ನಾನು ಹೇಳಿರಲಿಲ್ವಾ' ಎನ್ನಲೇ ಇಲ್ಲ. ವಾದ ಮಾಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ, ನೀವೇ ಹೇಳಿ.

ಈಗಲೂ ಅವರ ಮನೆಯಲ್ಲೇ ನನ್ನ ರೂಮು. ಆಂಟಿ ಗಿಡವನ್ನು ಬುಡದವರೆಗೆ ಕತ್ತರಿಸಿದರು, ಕುಂಡ ಎಸೆಯಲಿಲ್ಲ. ಯಾರೂ ಹೇಳದೆಯೇ ನೀರು ಹಾಕುವ ಕೆಲಸ ನನ್ನದಾಯಿತು. ಇವತ್ತು ಡೀಸೆಲ್ ವಾಸನೆಗೆ ಎದ್ದು ಹೋಗಿ ನೋಡಿದರೆ ಮೋಟಿನ ಪಕ್ಕ ಹಸಿರು ಮೊನೆಯೊಂದು ತಲೆಯೆತ್ತಿದೆ.

ಅಂಕಲ್ ಬಗ್ಗಿ ನೋಡಿದರು. "ಅದು ಮಲ್ಲಿಗೆ ಅಲ್ಲ ಮಾರಾಯ, ಕಳೆ."

ಅಲ್ಲವೆನ್ನಲು ನನ್ನ ಬಳಿ ಮೂರು ಕಾರಣಗಳಿದ್ದವು. ಮೂರೂ ಬಲವಾದವೇ.

"ಇರಬಹುದು ಅಂಕಲ್" ಎಂದು ನೀರು ಹಾಕಿದೆ.