ತಾನಾಗಿ ಏರುವ ಮುಳ್ಳು

ಬೀದಿಯ ಮಕ್ಕಳು ಅವಳನ್ನು ಬಂದೂಕಿನಮ್ಮ ಎನ್ನುತ್ತಿದ್ದರು. ಹೆಸರಿಗೆ ತಕ್ಕ ಅಬ್ಬರವೇನೂ ಇಲ್ಲದ ಹೆಂಗಸು. ಕೈಮೇಲೆ ಕೂತ ಸೊಳ್ಳೆಯನ್ನು ಹೊಡೆಯಲೂ ಹಿಂದೆಮುಂದೆ ನೋಡುವವಳು. ಸ್ಪರ್ಧೆಗಳಲ್ಲಿ ಗುರಿ ಹೊಡೆಯುವವರ ಗಾಳಿ ಬಂದೂಕುಗಳನ್ನು ರಿಪೇರಿ ಮಾಡುವುದು ಅವಳ ಕಸುಬು. ಗಂಡನ ಪಕ್ಕ ಕೂತು, ಬೈಸಿಕೊಂಡು, ತಿರುಗಿ ಬೈದು ಕಲಿತದ್ದು. ಅವನು ಹೋದ ಮೇಲೆ ಮನೆಯ ಮುಂಗೋಣೆಯ ಮೇಜು, ಇಕ್ಕಳ, ಬಾಗಿದ ಕತ್ತಿನ ದೀಪ ಎಲ್ಲ ಅವಳ ಪಾಲಿಗೆ ಬಂದವು. ಮಗಳ ಪಾಲಿಗೆ ಬಂದದ್ದು ಅಪ್ಪನ ಬಂದೂಕು.

ಆ ಬಂದೂಕೇ ಈಗ ಕೈ ಕೊಡುತ್ತಿತ್ತು.

"ಅಮ್ಮ, ನಿಧಾನವಾಗಿ ಗುರಿ ಹಿಡಿದಷ್ಟೂ ಗುಂಡು ಮೇಲೆ ಹೋಗುತ್ತೆ. ಗಡಿಬಿಡೀಲಿ ಹೊಡೆದ್ರೆ ನೆಟ್ಟಗೆ ಬೀಳುತ್ತೆ. ಇಂಥದ್ದು ಎಲ್ಲಾದ್ರೂ ಕೇಳಿದ್ದೀಯಾ?"

"ಬಂದೂಕಿಗೇನೂ ಆಗಿಲ್ಲ," ಎಂದಳು ತಾಯಿ, ಯಾರದೋ ಬಂದೂಕಿನ ಮೇಲಿಂದ ತಲೆ ಎತ್ತದೆ.

"ಹಾಗಾದ್ರೆ ನನ್ನ ಕೈಯೇ ಕೆಟ್ಟಿದೆ ಬಿಡು. ಭಾನುವಾರ ತಂಡದ ಆಯ್ಕೆ. ಹೀಗೇ ಆದ್ರೆ ಇದೇ ಕೊನೆ, ಇನ್ನು ಮುಟ್ಟಲ್ಲ."

ತಾಯಿ ಹೇಳಿದ್ದು ಹಸಿ ಸುಳ್ಳು. ಈ ಬಗೆಯ ಬಂದೂಕಿನ ಸಿಲಿಂಡರಿನಲ್ಲಿ ಗಾಳಿಯನ್ನು ಗಿಡಿದು ತುಂಬಿರುತ್ತಾರೆ. ಅದರಲ್ಲಿ ಒಂದು ಅಳತೆಯಷ್ಟನ್ನು ಮಾತ್ರ ಗುಂಡಿನ ಹಿಂದಿನ ಪುಟ್ಟ ಕೋಣೆಗೆ ಬಿಡುವುದು ರೆಗ್ಯುಲೇಟರಿನ ಕೆಲಸ. ಪ್ರತಿ ಸಲವೂ ಅಷ್ಟೇ ಗಾಳಿ ಬಂದರೆ ಪ್ರತಿ ಗುಂಡಿಗೂ ಅಷ್ಟೇ ವೇಗ. ರೆಗ್ಯುಲೇಟರಿನ ವಾಷರು ಸವೆದರೆ, ಯಾರೂ ಮುಟ್ಟದಿದ್ದರೂ ಗಾಳಿ ಒಳಗೊಳಗೇ ನುಸುಳುತ್ತದೆ. ಹೊಡೆಯದೆ ಕಾದಷ್ಟೂ ಒತ್ತಡ ಏರುತ್ತದೆ, ಗುಂಡು ಜೋರಾಗಿ ಹಾರಿ ಮೇಲೆ ಬೀಳುತ್ತದೆ. ಆ ಒತ್ತಡ ತೋರಿಸಲು ಬಂದೂಕಿನ ಹೊಟ್ಟೆಯಡಿಯಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕ ಮೀಟರೊಂದಿರುತ್ತದೆ. ನಿದ್ದೆಗಣ್ಣಿನಲ್ಲಿ ಕೇಳಿದರೂ ಇಷ್ಟನ್ನು ಅವಳು ಹೇಳಬಲ್ಲಳು.

ಹಾಗಿದ್ದೂ ಬಾಯಿ ಬಿಡದಿದ್ದುದಕ್ಕೆ ಕಾರಣ ಆ ಮೀಟರೇ.

ಗಂಡನಿಗೊಂದು ಚಾಳಿಯಿತ್ತು. ಅವಳು ಊಟಕ್ಕೆ ಒಳಗೆ ಹೋದಾಗ, ಅವಳು ಹೊಂದಿಸಿಟ್ಟಿದ್ದ ತಿರುಪನ್ನು ಕಳ್ಳನಂತೆ ಬಂದು ಒಂಚೂರು ತಿರುಗಿಸುವುದು. "ನಿನ್ನದು ಸರಿ ಇತ್ತು ಕಣೇ, ನನ್ನದೂ ಒಂದಿಷ್ಟು ಇರಲಿ ಅಂತ ಸೇರಿಸಿದೆ," ಎನ್ನುವುದು. ಇದಕ್ಕಾಗಿ ಅವರಿಬ್ಬರೂ ಆಡದ ಜಗಳವಿಲ್ಲ. ಅವನು ಸತ್ತ ಮೇಲೆ ಮೊದಲ ಸಲ ಮುಂಗೋಣೆಯ ಅಂಗಡಿ ತೆರೆದ ದಿನ ಅವಳು ಅವನ ಬಂದೂಕಿನಿಂದ ಒಂದು ಗುಂಡು ಹೊಡೆದು, ಮೇಜಿನ ಮೇಲಿಟ್ಟು, ಊಟಕ್ಕೆ ಎದ್ದಳು. ಬಂದು ನೋಡಿದರೆ ಮೀಟರಿನ ಮುಳ್ಳು ಒಂದಿಷ್ಟು ಮೇಲೇರಿತ್ತು. ಮನೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ವಾಷರು ಸೋರುತ್ತಿದೆ ಎಂದು ಕಸುಬು ಬಲ್ಲ ಬುದ್ಧಿ ತಕ್ಷಣ ಹೇಳಿತು. ಅವಳ ಮೈ ಮಾತ್ರ ಜುಮ್ಮೆಂದಿತು. "ಬಂದ್ರಾ? ನಿಮಗೆ ಸುಮ್ಮನಿರೋಕಾಗಲ್ವಾ?" ಎಂದು ಖಾಲಿ ಕುರ್ಚಿಯನ್ನು ಗದರಿದಳು.

ಅಂದಿನಿಂದ ಮಗಳ ಅಭ್ಯಾಸವಿಲ್ಲದ ದಿನಗಳಲ್ಲಿ ಅದೇ ಪಾಠ. ಗುಂಡು ಹೊಡೆಯುವುದು, ಊಟಕ್ಕೆ ಹೋಗುವುದು, ಬಂದು ನೋಡುವುದು. ಊಟ ಮಾಡುವಾಗ ಮುಂಗೋಣೆಯಲ್ಲಿ ಕುರ್ಚಿ ಕಿರುಗುಟ್ಟಿದಂತಾದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಭಯವಾಗುತ್ತಿತ್ತು. ಆ ಭಯ ಅವಳಿಗೆ ಬೇಕಾಗಿತ್ತು.

ಮಗಳ ಕಣ್ಣೊರೆಸಲು ಅವಳು ಗುಂಡಿನ ಡಬ್ಬಿ ಬದಲಿಸಿದಳು, ಬಂದೂಕಿನ ನಳಿಗೆಯನ್ನು ತಿಕ್ಕಿದಳು, ಸ್ಪ್ರಿಂಗ್ ಬಿಚ್ಚಿ ಕೂಡಿಸಿದಳು. ರೆಗ್ಯುಲೇಟರಿನ ತಂಟೆಗೆ ಹೋಗಲಿಲ್ಲ. ವೇಗ ಅಳೆಯುವ ಯಂತ್ರದಲ್ಲಿ ಅಂಕಿಗಳು ಮತ್ತೆ ಮತ್ತೆ ಕುಣಿದವು.

ಶುಕ್ರವಾರ ಬೆಳಿಗ್ಗೆ ಮಗಳು ಬರಿಗೈಯನ್ನು ಗೋಡೆಯ ಕಡೆಗೆ ಚಾಚಿ ನಿಂತು ಬೆರಳುಗಳನ್ನೇ ದಿಟ್ಟಿಸುತ್ತಿದ್ದಳು.

"ಏನೇ ಅದು?"

"ಅಪ್ಪನ ಕೈ ಕೊನೆಗೆ ನಡುಗ್ತಿತ್ತಲ್ಲ ಅಮ್ಮ. ಆ ಕಾಯಿಲೆ ಹೀಗೇ ಶುರುವಾಗೋದಾ?"

ತಾಯಿ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು. ಸತ್ತವನನ್ನು ಉಳಿಸಿಕೊಳ್ಳಲು ಹೋಗಿ ಅವನ ಕಾಯಿಲೆಯನ್ನು ಬದುಕಿರುವವಳ ಮೈಗೆ ಅಂಟಿಸಿದ್ದಳು. ತನ್ನ ಮೇಲೆ ಅವಳಿಗೆ ಹೇಸಿಗೆಯಾಯಿತು.

"ಬಂದೂಕು ತಾ ಇಲ್ಲಿ," ಎಂದಳು.

ಗಾಳಿ ಬಿಡುವ ತಿರುಪನ್ನು ಸಡಿಲಿಸಿದಾಗ ಬಂದೂಕು ಸುಯ್ಯೆಂದಿತು. ಸದ್ದು ಮುಗಿಯುವವರೆಗೂ ಅವಳು ಕೈ ತೆಗೆಯಲಿಲ್ಲ. ಲೋಹ ಬೆರಳು ಮರಗಟ್ಟುವಷ್ಟು ತಣ್ಣಗಾಗಿತ್ತು. ಮುಳ್ಳು ಸೊನ್ನೆಗೆ ಬಂತು. ರೆಗ್ಯುಲೇಟರ್ ಬಿಚ್ಚಿದರೆ ಒಳಗೆ ಅವನೇ ಕತ್ತರಿಸಿ ಕೂರಿಸಿದ್ದ ವಾಷರು, ಅಂಚಿನಲ್ಲಿ ಕೂದಲೆಳೆಯಷ್ಟು ಗೀರು. ಹಳೆಯ ವಾಷರುಗಳ ಡಬ್ಬಿಗೆ ಅದನ್ನು ಹಾಕಿದಳು. ಮರುಕ್ಷಣವೇ ಮನಸ್ಸು ತಡೆಯದೆ ಡಬ್ಬಿಯೊಳಗೆ ಇಣುಕಿದಳು. ಎಲ್ಲ ಒಂದೇ ಥರ ಇದ್ದವು, ಅವನದು ಯಾವುದೆಂದು ತಿಳಿಯಲಿಲ್ಲ.

ಹೊಸ ವಾಷರು ಕೂರಿಸಿ, ಗಾಳಿ ತುಂಬಿ, ಹಿತ್ತಲಿನ ಉದ್ದ ಓಣಿಯಲ್ಲಿ ಮಗಳ ಕೈಗೆ ಬಂದೂಕು ಕೊಟ್ಟಳು. "ಎಷ್ಟು ಹೊತ್ತು ಬೇಕೋ ತಗೋ."

ಮಗಳು ಒಂದು ಗುಂಡನ್ನು ಬೇಗ ಹೊಡೆದಳು. ಇನ್ನೊಂದಕ್ಕೆ ನಿಂತೇ ನಿಂತಳು. ಮತ್ತೊಂದಕ್ಕೆ ಇನ್ನೂ ಹೆಚ್ಚು ಹೊತ್ತು. ಗುರಿಯ ರಟ್ಟಿನ ಮೇಲೆ ಎಲ್ಲ ಸೇರಿ ಒಂದೇ ತೂತು.

"ನಡುಗ್ತಿಲ್ಲ ಅಮ್ಮ!"

"ನಡುಗಿರಲೇ ಇಲ್ಲ ಕಣೇ. ವಾಷರು ಸವೆದಿತ್ತು."

ಮಗಳ ನಗು ಅರ್ಧಕ್ಕೇ ನಿಂತಿತು. "ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳಲಿಲ್ಲ?"

ತಾಯಿ ಗುಂಡಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದಳು. ಮಗಳು ಬಂದೂಕನ್ನು ಮುಂಗೋಣೆಯ ಮೇಜಿನ ಮೇಲಿಟ್ಟು ಹೊರಗೆ ಹೋದಳು. ಹೋಗುವಾಗ ಅವಳ ಕೈ ಮಾತ್ರ ಹಗುರವಾಗಿ ಬೀಸುತ್ತಿತ್ತು.

ಮಧ್ಯಾಹ್ನ ತಾಯಿ ಒಬ್ಬಳೇ ಊಟಕ್ಕೆ ಕೂತಳು. ಬೇಕೆಂದೇ ನಿಧಾನವಾಗಿ ಉಂಡಳು, ಪಾತ್ರೆ ತೊಳೆದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮುಂಗೋಣೆಯಲ್ಲಿ ಸದ್ದಿರಲಿಲ್ಲ. ಬಂದು, ಬಗ್ಗಿ, ಮೀಟರು ನೋಡಿದಳು. ಗಾಜನ್ನು ಉಗುರಿನಿಂದ ಎರಡು ಸಲ ತಟ್ಟಿದಳು.

ಮುಳ್ಳು ಬಿಟ್ಟಲ್ಲೇ ಇತ್ತು. ರಿಪೇರಿ ಚೆನ್ನಾಗಿ ಆಗಿತ್ತು.