ಮುಟ್ಟಬಾರದಿದ್ದ ಜೋಳದ ಪಟ್ಟಿ

ಕೆ.ಆರ್. ನಗರದ ನಾಲೆ ನೀರಿನ ಊರಿನಿಂದ ಮದುವೆಯಾಗಿ ಕಟ್ಟೆಮಳಲವಾಡಿಗೆ ಬಂದ ಸುನಂದಮ್ಮನಿಗೆ ಮಳೆ ನಂಬಿದ ಬೇಸಾಯ ಕೈಹತ್ತಲು ವರ್ಷಗಳೇ ಬೇಕಾದವು. ಓದಿದ್ದು ಏಳನೇ ಕ್ಲಾಸು. ಆದರೂ ಬಿತ್ತಿದ ದಿನ, ಗೊಬ್ಬರ ಕೊಟ್ಟ ದಿನ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಕೃಷಿ ಕಾಲೇಜಿನ ಅನುಶ್ರೀ ತನ್ನ ಸಂಶೋಧನೆಗೆ ಅವಳ ಹೊಲವನ್ನೇ ಕೇಳಿದ್ದು ಅದನ್ನು ನೋಡಿ.

ಮುಸುಕಿನ ಜೋಳದ ಹೊಲ ನಾಲ್ಕು ಪಟ್ಟಿಯಾಯಿತು. ಎಲ್ಲಕ್ಕೂ ಮಾಮೂಲಿ ಗೊಬ್ಬರ. ಅದರ ಜೊತೆಗೆ ಒಂದಕ್ಕೆ ಜಿಂಕ್, ಒಂದಕ್ಕೆ ಹ್ಯೂಮಿಕ್ ಆಸಿಡ್ ಎಂಬ ಕಪ್ಪು ದ್ರಾವಣ, ಮತ್ತೊಂದಕ್ಕೆ ಎರಡೂ. ರಸ್ತೆ ಬದಿಯ ಪಟ್ಟಿಗೆ ಎರಡೂ ಇಲ್ಲ.

"ಇದನ್ನ ಮುಟ್ಟಲೇಬಾರದು ಸುನಂದಕ್ಕ," ಎಂದಿದ್ದಳು ಅನುಶ್ರೀ. "ಇದಿಲ್ಲದೆ ಮಿಕ್ಕಿದ್ದರಲ್ಲಿ ಎಷ್ಟು ಲಾಭ ಅಂತ ಗೊತ್ತಾಗಲ್ಲ."

ಮೂರು ವಾರಕ್ಕೆಲ್ಲ ಜಿಂಕ್ ಸಾಲದೆ ಆ ಪಟ್ಟಿಯ ಎಳೆ ಗರಿಗಳ ಮೇಲೆ ಬಿಳಿ ಗೀರುಗಳು ಮೂಡಿದವು. ಗಿಡ ಗಿಡ್ಡಾಗಿ ನಿಂತಿತು. "ಜೋಳಕ್ಕೆ ಸುಣ್ಣ ಬಳ್ದಿದ್ದೀಯಾ ಮಾದೇವಪ್ಪ?" ಎಂದು ದಾರಿಹೋಕರು ನಕ್ಕರೆ, ಸುನಂದಮ್ಮನ ಗಂಡ ಮಹದೇವಪ್ಪ ಮನೆಗೆ ಬಂದು ಸಿಡಿಯುತ್ತಿದ್ದ.

"ಕಣ್ಮುಂದೆ ಬೆಳೆ ಸೊರಗ್ತಾ ಅದೆ, ಮದ್ದು ಮನೇಲೇ ಅದೆ. ಇದ್ಯಾವ ನ್ಯಾಯ ಕಣೆ?"

"ಒಂದ್ ಬೆಳೆ ತಡ್ಕಳಿ. ಮಾತ್ ಕೊಟ್ಟಿವ್ನಿ."

ಅನುಶ್ರೀ ಪರೀಕ್ಷೆಗೆ ಎಲೆಯ ಮಾದರಿ ಕೀಳಲು ಬರುವ ದಿನ ಬೆಳಿಗ್ಗೆ ಸುನಂದಮ್ಮ ಹೊಲಕ್ಕೆ ಹೋದಳು. ಮಹದೇವಪ್ಪ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಅದೇ ಪಟ್ಟಿಗೆ ಜಿಂಕ್ ಹೊಡೆಯುತ್ತಿದ್ದ. ಓಡಿಹೋಗಿ ಪೈಪು ಹಿಡಿದುಕೊಂಡಳು.

"ಆರೇ ಸಾಲು ಕಣೆ," ಎಂದ ಅವನು, ಮುಖ ಕೊಡದೆ. "ಆ ಉಡ್ಗಿಗೆ ಎಂಗ್ ಗೊತ್ತಾದದು? ನೀ ಬಾಯ್ ಬುಟ್ರೆ ನನ್ ಮಾನ ಓಯ್ತದೆ."

ಅಷ್ಟರಲ್ಲಿ ಅನುಶ್ರೀಯ ಸ್ಕೂಟರ್ ಬಂದೇಬಿಟ್ಟಿತು. ಮಹದೇವಪ್ಪ ಕ್ಯಾನಿನ ಸಮೇತ ಪಕ್ಕದ ಪಟ್ಟಿಗೆ ಸರಿದ. ನಗುತ್ತಲೇ ಇಳಿದವಳು ನೇರ ರಸ್ತೆ ಬದಿಯ ಪಟ್ಟಿಯ ಮೂರನೇ ಸಾಲಿಗೆ ಬಗ್ಗಿದಳು. ಹೇಳಿದರೆ ಗಂಡ ತಲೆ ತಗ್ಗಿಸಬೇಕು, ಹುಡುಗಿಯ ವರ್ಷದ ದುಡಿಮೆ ಹಾಳಾದರೂ ಆಗಬಹುದು. ಹೇಳದಿದ್ದರೆ ಈ ಎಲೆ ಹೇಳುವ ಸುಳ್ಳು ಲೆಕ್ಕ ನಂಬಿ ಇನ್ನೆಷ್ಟು ಜನ ಬಿತ್ತುತ್ತಾರೋ. ಮೊದಲ ಎಲೆ ಚೀಲಕ್ಕೆ ಬೀಳುವಷ್ಟರಲ್ಲಿ ಸುನಂದಮ್ಮ ಅನುಶ್ರೀಯ ಕೈ ಹಿಡಿದಳು.

"ಬ್ಯಾಡ ಕಣವ್ವ. ಈ ಆರ್ ಸಾಲ್ಗೆ ಈಗ್ತಾನೆ ಜಿಂಕ್ ಬಿದ್ದದೆ."

ಯಾರು ಹಾಕಿದ್ದೆಂದು ಅವಳು ಹೇಳಲಿಲ್ಲ. ಅನುಶ್ರೀ ಕಿತ್ತ ಎಲೆಯನ್ನು ಪಕ್ಕಕ್ಕೆಸೆದಳು. ಕೊನೆಗೆ ಮಹದೇವಪ್ಪನೇ ಕ್ಯಾನು ಕೆಳಗಿಟ್ಟು ಬಂದ.

"ನಾನೇ ಒಡ್ದಿದ್ದು ಮೇಡಂ. ನೋಡಕ್ಕಾಗ್ನಿಲ್ಲ."

ಅನುಶ್ರೀ ಸಾಲು ಎಣಿಸಿದಳು. ಇಪ್ಪತ್ತರಲ್ಲಿ ಹದಿನಾಲ್ಕು ಉಳಿದಿದ್ದವು. ಔಷಧಿ ಗಾಳಿಗೆ ಹಾರಿರಬಹುದೆಂದು ಇನ್ನೆರಡು ಬಿಟ್ಟು, "ಹನ್ನೆರಡು ಸಾಕು. ಹೇಳದೇ ಇದ್ದಿದ್ರೆ ಎಲ್ಲಾ ಹೋಗ್ತಿತ್ತು," ಎಂದಳು. ಬಿಟ್ಟ ಸಾಲುಗಳ ಸುತ್ತ ಗೂಟ ಹೊಡೆದವನು ಮಹದೇವಪ್ಪ. ಹೆಂಡತಿಯ ಜೊತೆ ಮಾತ್ರ ಎರಡು ದಿನ ಮಾತಾಡಲಿಲ್ಲ.

ಕಟಾವಾದ ಮೇಲೆ ಪ್ರತಿ ಪಟ್ಟಿಯಿಂದಲೂ ಹನ್ನೆರಡೇ ಸಾಲಿನ ಕಾಳು ತೂಗಿದರು. ಬರಿ ಪಟ್ಟಿಯ ತೆನೆಗಳ ತುದಿ ಬೋಳಾಗಿತ್ತು. ಜಿಂಕ್ ಕಂಡ ಪಟ್ಟಿ ಅದಕ್ಕಿಂತ ಎಷ್ಟೋ ಮೇಲು, ಎರಡೂ ಕಂಡ ಪಟ್ಟಿಯದು ಎಲ್ಲಕ್ಕಿಂತ ಹೆಚ್ಚು ತೂಕ. ಮಹದೇವಪ್ಪ ನಂಬದೆ ಆ ಕೊನೆಯ ರಾಶಿಯನ್ನು ತಾನೇ ಇನ್ನೊಮ್ಮೆ ತೂಕಕ್ಕಿಟ್ಟ. ಮುಳ್ಳು ಮೊದಲು ನಿಂತಲ್ಲೇ ಬಂದು ನಿಂತಿತು.